ಹದಿನೈದರ ಕಾಲಿಗೆ ಎಷ್ಟು ದೂರದ ಗುರಿ?

ಅಮೆರಿಕದ ಹೈಸ್ಕೂಲುಗಳಲ್ಲಿ ದೂರದ ಓಟದ ವರ್ಷ ಶುರುವಾಗುವುದು ಆಗಸ್ಟ್‌ನಲ್ಲಿ. ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಮಕ್ಕಳು ಕ್ರಾಸ್‌ಕಂಟ್ರಿ ಅಭ್ಯಾಸಕ್ಕೆ ಸೇರುತ್ತಾರೆ. ಹುಲ್ಲು, ಮಣ್ಣು, ಏರು, ಇಳಿಜಾರುಗಳ ಮೇಲೆ ಐದು ಕಿಲೋಮೀಟರ್ ಓಡುವ ಆ ಸೀಸನ್ ನವೆಂಬರ್‌ವರೆಗೆ ನಡೆಯುತ್ತದೆ. ವಸಂತ ಬಂದಾಗ ಅದೇ ಮಕ್ಕಳು ಟ್ರ್ಯಾಕಿಗಿಳಿದು ಮೈಲಿ, ಎರಡು ಮೈಲಿ ಓಡುತ್ತಾರೆ. ಒಂಬತ್ತನೇ ತರಗತಿಯಿಂದ ಹನ್ನೆರಡನೆಯದರ ತನಕ ನಾಲ್ಕು ವರ್ಷ ಹೀಗೇ. ಸೀಸನ್ನಿನ ಮೊದಲ ವಾರದಲ್ಲೇ ಅನೇಕ ಕೋಚ್‌ಗಳು ಪ್ರತಿ ಮಗುವಿನಿಂದ ಒಂದು ಚೀಟಿ ಬರೆಸಿಕೊಳ್ಳುತ್ತಾರೆ: ಈ ವರ್ಷ ನಿನ್ನ ಗುರಿ ಏನು? ಕಳೆದ ವರ್ಷ ಐದು ಕಿಲೋಮೀಟರನ್ನು 19 ನಿಮಿಷದಲ್ಲಿ ಮುಗಿಸಿದ ಹುಡುಗ 18 ನಿಮಿಷ 40 ಸೆಕೆಂಡು ಎಂದು ಬರೆಯುತ್ತಾನೆ. ಕೋಚ್ ತಲೆಯಾಡಿಸುತ್ತಾರೆ. ಎಲ್ಲರಿಗೂ ನೆಮ್ಮದಿ. ಈ ನೆಮ್ಮದಿಯ ಬಗ್ಗೆಯೇ ನನ್ನ ತಕರಾರು. ಆ ವಯಸ್ಸಿನ ಮಕ್ಕಳ ಮುಂದಿಡುವ ಗುರಿ ದೊಡ್ಡದಿರಬೇಕು, ಅವರು ತಾವಾಗಿ ಊಹಿಸಲಾರದಷ್ಟು ದೊಡ್ಡದಿರಬೇಕು. ಆದರೆ ಆ ದೊಡ್ಡತನ ಇರಬೇಕಾದ್ದು ವರ್ಷಗಳ ಲೆಕ್ಕದಲ್ಲಿ. ಮುಂದಿನ ಶನಿವಾರದ ರೇಸಿನಲ್ಲಲ್ಲ, ತೂಕದ ಯಂತ್ರದ ಮೇಲಂತೂ ಖಂಡಿತ ಅಲ್ಲ. ಗುರಿ ಕೊಡುವ ದೊಡ್ಡವರು ಅದರ ಜತೆಗೆ ದಿನನಿತ್ಯದ ಅಭ್ಯಾಸವನ್ನೂ ಬದಲಿಸದಿದ್ದರೆ ಅದು ಬಾಯಿಮಾತಷ್ಟೆ.

ಈ ವಾದಕ್ಕೆ ಎಲ್ಲರೂ ಮೊದಲು ತರುವ ಸಾಕ್ಷಿ ಜಿಮ್ ರಯನ್. ಕ್ಯಾನ್ಸಸ್ ರಾಜ್ಯದ ವಿಚಿಟಾ ಊರಿನ ಈ ಹುಡುಗನಿಗೆ ಹೈಸ್ಕೂಲಿಗೆ ಬರುವ ಮುಂಚೆ ಯಾವ ಆಟದ ತಂಡದಲ್ಲೂ ಜಾಗ ಸಿಕ್ಕಿರಲಿಲ್ಲ. ಹತ್ತನೇ ತರಗತಿಯಲ್ಲಿ, 1962ರಲ್ಲಿ, ವಿಚಿಟಾ ಈಸ್ಟ್ ಶಾಲೆಯ ಕ್ರಾಸ್‌ಕಂಟ್ರಿ ತಂಡಕ್ಕೆ ಸೇರಿದಾಗ ಅವನ ಮೊದಲ ಮೈಲಿ 5 ನಿಮಿಷ 38 ಸೆಕೆಂಡು. ನಮ್ಮ ಯಾವ ತಾಲ್ಲೂಕು ಕ್ರೀಡಾಕೂಟದಲ್ಲಾದರೂ ಕಾಣಸಿಗುವಂಥ ವೇಗ ಅದು. ಮುಂದಿನ ವಸಂತದ ಹೊತ್ತಿಗೆ ಅದು 4 ನಿಮಿಷ 20 ಸೆಕೆಂಡಿನ ಆಸುಪಾಸಿಗೆ ಇಳಿಯಿತು. ಆಗ ಕೋಚ್ ಬಾಬ್ ಟಿಮನ್ಸ್, ರೇಸ್ ಮುಗಿಸಿ ಬಸ್ಸಿನಲ್ಲಿ ಮರಳುವಾಗ, ನಾಲ್ಕು ನಿಮಿಷದೊಳಗೆ ಮೈಲಿ ಓಡುವ ಮೊದಲ ಹೈಸ್ಕೂಲ್ ಹುಡುಗ ನೀನಾಗಬಲ್ಲೆ ಎಂದು ಹೇಳಿದರೆಂದು ರಯನ್ ಮುಂದೆ ಅನೇಕ ಸಲ ನೆನೆದಿದ್ದಾರೆ. ಬ್ರಿಟನ್ನಿನ ರೋಜರ್ ಬ್ಯಾನಿಸ್ಟರ್ ಮೊದಲ ಬಾರಿಗೆ ಆ ಗೆರೆ ದಾಟಿ ಆಗ ಹತ್ತು ವರ್ಷವೂ ಆಗಿರಲಿಲ್ಲ, ದಾಟಿದವರೆಲ್ಲ ದೊಡ್ಡವರು. 1964ರ ಜೂನ್ 5ರಂದು ಕ್ಯಾಲಿಫೋರ್ನಿಯಾದ ಕಾಂಪ್ಟನ್‌ನಲ್ಲಿ ರಯನ್ 3 ನಿಮಿಷ 59 ಸೆಕೆಂಡಿನಲ್ಲಿ ಮೈಲಿ ಮುಗಿಸಿದ. ಆ ರೇಸಿನಲ್ಲಿ ಅವನದು ಎಂಟನೇ ಸ್ಥಾನ. ಹನ್ನೊಂದನೇ ತರಗತಿಯ ಹುಡುಗನನ್ನು ದೇಶದ ಅತ್ಯುತ್ತಮ ಓಟಗಾರರ ನಡುವೆ ನಿಲ್ಲಿಸಿದ್ದೇ ಟಿಮನ್ಸ್ ಅವರ ಯೋಜನೆಯ ಒಂದು ಭಾಗವಾಗಿತ್ತು. ಅದೇ ವರ್ಷ, 17ನೇ ವಯಸ್ಸಿನಲ್ಲಿ, ಟೋಕಿಯೋ ಒಲಿಂಪಿಕ್ಸಿಗೆ ಹೋದ. ಮರುವರ್ಷ ಸ್ಯಾನ್ ಡಿಯಾಗೋದಲ್ಲಿ ಒಲಿಂಪಿಕ್ ಚಾಂಪಿಯನ್ ಪೀಟರ್ ಸ್ನೆಲ್ ಅವರನ್ನು ಸೋಲಿಸಿ 3 ನಿಮಿಷ 55.3 ಸೆಕೆಂಡಿನಲ್ಲಿ ಓಡಿದ. 1966ರಲ್ಲಿ, 19ನೇ ವಯಸ್ಸಿನಲ್ಲೇ, ಮೈಲಿಯ ವಿಶ್ವದಾಖಲೆ ಅವನದಾಯಿತು.

ಈ ಕತೆಯನ್ನು ಹೇಳುವವರು ಬಹುಪಾಲು ಬಸ್ಸಿನ ಮಾತಿನ ಮೇಲೆ ನಿಂತುಬಿಡುತ್ತಾರೆ. ಒಬ್ಬರು ನಂಬಿದರು, ಇನ್ನೊಬ್ಬ ಮಾಡಿ ತೋರಿಸಿದ, ಅಷ್ಟೇ ಎಂಬಂತೆ. ಬ್ಯಾನಿಸ್ಟರ್ ಕತೆಗೂ ಇದೇ ಗತಿ: ನಾಲ್ಕು ನಿಮಿಷ ಅಸಾಧ್ಯವೆಂದು ಜಗತ್ತೇ ನಂಬಿತ್ತು, 1954ರ ಮೇ 6ರಂದು ಅವರು ಓಡಿದ ಕೂಡಲೇ ಮನಸ್ಸಿನ ಗೋಡೆ ಬಿದ್ದು ಎಲ್ಲರೂ ನುಗ್ಗಿದರು ಎಂದು ಪ್ರೇರಣೆಯ ಭಾಷಣಗಳಲ್ಲಿ ಕೇಳುತ್ತೇವೆ. ನಡೆದದ್ದು ಹಾಗಲ್ಲ. ಸ್ವೀಡನ್ನಿನ ಗುಂಡರ್ ಹೆಗ್ 1945ರಲ್ಲೇ 4 ನಿಮಿಷ 1.4 ಸೆಕೆಂಡಿಗೆ ಬಂದಿದ್ದರು. ಬ್ಯಾನಿಸ್ಟರ್ ಆದ 46 ದಿನಕ್ಕೆ ಅವರ ದಾಖಲೆ ಮುರಿದ ಆಸ್ಟ್ರೇಲಿಯಾದ ಜಾನ್ ಲ್ಯಾಂಡಿ ಅದಕ್ಕೂ ಮುಂಚಿನಿಂದಲೇ ಮತ್ತೆ ಮತ್ತೆ 4 ನಿಮಿಷ 2 ಸೆಕೆಂಡಿನ ಸುತ್ತ ಓಡುತ್ತಿದ್ದರು. ಗೋಡೆ ಬಿದ್ದದ್ದು ತಿಂಗಳುಗಟ್ಟಲೆ ಬೆವರಿನಿಂದ. ರಯನ್ ವಿಷಯದಲ್ಲೂ ಟಿಮನ್ಸ್ ಹೇಳಿದ ಮಾತಿಗಿಂತ, ಆ ಮಾತನ್ನು ನಿಜಮಾಡಲು ಅವರು ಬದಲಿಸಿದ ಅಭ್ಯಾಸ ಮುಖ್ಯ. ವಾರಕ್ಕೆ ನೂರು ಮೈಲಿಯ ಹತ್ತಿರದ ಓಟ, ಒಂದೇ ದಿನದಲ್ಲಿ ಕಾಲು ಮೈಲಿಯನ್ನು 40 ಸಲ ಓಡಿಸುವ ಪಾಠ. ಇದನ್ನು ಇವತ್ತಿನ ಯಾವ ವಿವೇಕಿ ಕೋಚ್ ಕೂಡ ಹದಿನಾರರ ಹುಡುಗನಿಗೆ ಹೇಳಿಕೊಡಲಾರರು, ನಾನೂ ಅದನ್ನು ಸಮರ್ಥಿಸುವುದಿಲ್ಲ. ಆದರೆ ತರ್ಕವನ್ನು ಗಮನಿಸಬೇಕು. 4 ನಿಮಿಷ 20 ಸೆಕೆಂಡನ್ನು 4 ನಿಮಿಷ 15ಕ್ಕೆ ಇಳಿಸುವುದಷ್ಟೇ ಗುರಿಯಾಗಿದ್ದರೆ ಹಳೆಯ ಅಭ್ಯಾಸವನ್ನೇ ಸ್ವಲ್ಪ ಬಿಗಿಗೊಳಿಸಿದರೆ ಸಾಕಿತ್ತು. ನಾಲ್ಕು ನಿಮಿಷ ಎಂದಾಗ ಇಡೀ ವರ್ಷವನ್ನು ಹೊಸದಾಗಿ ಯೋಚಿಸಬೇಕಾಯಿತು. ದೊಡ್ಡ ಗುರಿಯ ಮೊದಲ ಉಪಯೋಗ ಇದೇ: ಈಗ ಮಾಡುತ್ತಿರುವುದು ಎಲ್ಲಿಗೆ ಸಾಲದು ಎಂಬುದನ್ನು ಅದು ತೋರಿಸಿಕೊಡುತ್ತದೆ.

ರಯನ್ ಹುಟ್ಟುಪ್ರತಿಭೆ, ಅವನಿಗೆ ಯಾರು ಏನು ಹೇಳಿದ್ದರೂ ಓಡುತ್ತಿದ್ದ ಎನ್ನಬಹುದು. ಇದಕ್ಕೆ ಉತ್ತರ ಒಬ್ಬನ ಕತೆಯಲ್ಲಿ ಸಿಗುವುದಿಲ್ಲ. ನಂತರದ ಮೂರು ದಶಕಗಳಲ್ಲಿ ಸಿಗುತ್ತದೆ. 1966 ಮತ್ತು 1967ರಲ್ಲಿ ಇನ್ನಿಬ್ಬರು ಹೈಸ್ಕೂಲ್ ಹುಡುಗರು ನಾಲ್ಕು ನಿಮಿಷದ ಒಳಗೆ ಬಂದರು. ಆಮೇಲೆ 2001ರ ತನಕ ಒಬ್ಬರೂ ಇಲ್ಲ. ಮೂವತ್ತಮೂರು ವರ್ಷ. ಅಷ್ಟರಲ್ಲಿ ಅಮೆರಿಕದ ಜನಸಂಖ್ಯೆ ಬೆಳೆಯಿತು, ಬೂದಿಮಣ್ಣಿನ ಟ್ರ್ಯಾಕುಗಳು ಹೋಗಿ ಸಿಂಥೆಟಿಕ್ ಟ್ರ್ಯಾಕುಗಳು ಬಂದವು, ಕ್ರೀಡಾ ವೈದ್ಯಕೀಯ ಬೆಳೆಯಿತು. ಓಡುವ ಮಕ್ಕಳು ಹುಟ್ಟುವುದು ನಿಂತಿರಲಾರದು. ನಿಂತದ್ದು ಅವರಿಂದ ನಿರೀಕ್ಷಿಸುವುದು. ಮಕ್ಕಳು ಹೆಚ್ಚು ಓಡಿದರೆ ಬೇಗ ದಣಿದು ಮುಗಿದುಹೋಗುತ್ತಾರೆ, ಕಡಿಮೆ ಓಡಿಸಿ, ವೇಗವಾಗಿ ಓಡಿಸಿ ಎಂಬುದು ಎಂಬತ್ತು ತೊಂಬತ್ತರ ದಶಕಗಳಲ್ಲಿ ಕೋಚ್‌ಗಳ ನಡುವಿನ ಒಪ್ಪಿತ ಮಾತಾಯಿತು. ರಾಜ್ಯ ಮಟ್ಟದಲ್ಲಿ ಗೆದ್ದರೆ ಸಾಕು ಎಂಬುದು ಗುರಿಯಾಯಿತು. ಇದರ ತುದಿ ಕಂಡದ್ದು 2000ರಲ್ಲಿ: ಸಿಡ್ನಿ ಒಲಿಂಪಿಕ್ಸಿನ ಮ್ಯಾರಥಾನಿಗೆ ಇಡೀ ಅಮೆರಿಕದಿಂದ ಅರ್ಹತೆ ಪಡೆದವರು ಒಬ್ಬ ಪುರುಷ, ಒಬ್ಬ ಮಹಿಳೆ.

ಅದೇ 2000ದ ಡಿಸೆಂಬರ್‌ನಲ್ಲಿ ಹೈಸ್ಕೂಲ್ ಮಕ್ಕಳ ರಾಷ್ಟ್ರೀಯ ಕ್ರಾಸ್‌ಕಂಟ್ರಿ ಕೂಟವಾದ ಫುಟ್ ಲಾಕರ್ ಫೈನಲ್‌ನಲ್ಲಿ ಡೇಥನ್ ರಿಟ್ಜನ್‌ಹೈನ್ ಮೊದಲು, ಆಲನ್ ವೆಬ್ ಎರಡನೆಯವ, ರಯಾನ್ ಹಾಲ್ ಮೂರನೆಯವ. ಮೂವರೂ ತಮ್ಮ ರಾಜ್ಯದ ಪಟ್ಟಿಯ ಆಚೆ ನೋಡುತ್ತಿದ್ದ ಹುಡುಗರು. ಅಷ್ಟು ಹೊತ್ತಿಗೆ ಅಂತರ್ಜಾಲ ಬಂದಿತ್ತು. ಮಿಷಿಗನ್ನಿನ ಹುಡುಗನಿಗೆ ವರ್ಜೀನಿಯಾದವನು ನಿನ್ನೆ ಸಂಜೆ ಎಷ್ಟು ವೇಗವಾಗಿ ಓಡಿದನೆಂಬುದು ಬೆಳಗಾಗುವುದರಲ್ಲಿ ಗೊತ್ತಾಗುತ್ತಿತ್ತು. ಜಿಲ್ಲೆಯ ಮೊದಲಿಗನಾಗಿ ನೆಮ್ಮದಿಯಿಂದ ಇರುವುದು ಆಮೇಲೆ ಕಷ್ಟವಾಯಿತು. 2001ರ ಮೇ ತಿಂಗಳಲ್ಲಿ ವೆಬ್, ಒರೆಗಾನ್ ರಾಜ್ಯದ ಯೂಜೀನ್‌ನಲ್ಲಿ ವಿಶ್ವದ ಅತ್ಯುತ್ತಮರ ಜತೆ ಓಡಿ, 3 ನಿಮಿಷ 53.43 ಸೆಕೆಂಡಿನಲ್ಲಿ ರಯನ್ ಅವರ 36 ವರ್ಷದ ದಾಖಲೆ ಮುರಿದ. ಮುಂದೆ ಮೈಲಿಯ ಅಮೆರಿಕನ್ ದಾಖಲೆಯೂ ಅವನದೇ ಆಯಿತು. ರಿಟ್ಜನ್‌ಹೈನ್ 2009ರಲ್ಲಿ ಐದು ಸಾವಿರ ಮೀಟರಿನ ಅಮೆರಿಕನ್ ದಾಖಲೆ ಬರೆದ, ಹಾಲ್ ಅರ್ಧ ಮ್ಯಾರಥಾನನ್ನು ಒಂದು ಗಂಟೆಯೊಳಗೆ ಮುಗಿಸಿದ ಮೊದಲ ಅಮೆರಿಕನ್ ಆದ. 2011ರ ನಂತರ ನಾಲ್ಕು ನಿಮಿಷದ ಒಳಗೆ ಬರುವ ಹೈಸ್ಕೂಲ್ ಹುಡುಗರು ಮತ್ತೆ ಮತ್ತೆ ಕಾಣಿಸಿಕೊಂಡರು. ಈಗ ಒಂದೇ ವರ್ಷದಲ್ಲಿ ಹಲವರು ಬರುವುದೂ ಉಂಟು. ನಮ್ಮ ಅಳತೆಗೆ ಹೇಳುವುದಾದರೆ, 1500 ಮೀಟರ್ ಓಟದಲ್ಲಿ ಜಿನ್ಸನ್ ಜಾನ್ಸನ್ 2019ರಲ್ಲಿ ಬರ್ಲಿನ್‌ನಲ್ಲಿ ಸ್ಥಾಪಿಸಿದ ಭಾರತೀಯ ದಾಖಲೆ 3 ನಿಮಿಷ 35.24 ಸೆಕೆಂಡು, 2021ರಲ್ಲಿ ಮಿಷಿಗನ್ನಿನ ಹೈಸ್ಕೂಲ್ ವಿದ್ಯಾರ್ಥಿ ಹಾಬ್ಸ್ ಕೆಸ್ಲರ್ ಓಡಿದ್ದು 3 ನಿಮಿಷ 34.36 ಸೆಕೆಂಡು.

ಇತ್ತೀಚಿನ ಈ ಸುಗ್ಗಿಗೆ ಬೂಟುಗಳೂ ಕಾರಣ ಎಂಬ ಆಕ್ಷೇಪ ಸರಿಯಾದದ್ದೇ. ಕಳೆದ ಕೆಲವು ವರ್ಷಗಳಲ್ಲಿ ಬಂದ ಹೊಸ ಬಗೆಯ ಫೋಮ್ ಮತ್ತು ಗಟ್ಟಿ ಪಟ್ಟಿಯ ಸ್ಪೈಕುಗಳು ಎಲ್ಲರ ವೇಗವನ್ನೂ ಒಂದಿಷ್ಟು ಹೆಚ್ಚಿಸಿವೆ. ಹಾಗಾಗಿ ಹಳೆಯ ಮತ್ತು ಹೊಸ ಅಂಕಿಗಳನ್ನು ಒಂದೇ ತಕ್ಕಡಿಗೆ ಹಾಕಬಾರದು. ಆದರೆ ವೆಬ್, ರಿಟ್ಜನ್‌ಹೈನ್, ಹಾಲ್ ಓಡಿದ್ದು ಆ ಬೂಟುಗಳು ಬರುವುದಕ್ಕೆ ಬಹಳ ಮೊದಲು. ಹೈಸ್ಕೂಲ್ ಮಕ್ಕಳಷ್ಟೇ ಇರುವ ರೇಸಿನಲ್ಲಿ ರಯನ್ 1965ರಲ್ಲಿ ಓಡಿದ 3 ನಿಮಿಷ 58.3 ಸೆಕೆಂಡಿನ ಓಟವನ್ನು ಮೀರಿಸಲು, ಸಿಂಥೆಟಿಕ್ ಟ್ರ್ಯಾಕು ಬಂದ ಮೇಲೂ, ಹೊಸ ಬೂಟು ಬಂದ ಮೇಲೂ, 2022ರ ತನಕ ಕಾಯಬೇಕಾಯಿತು. ಬೂಟು ಸೆಕೆಂಡುಗಳನ್ನು ವಿವರಿಸುತ್ತದೆ, ಮೂವತ್ತಮೂರು ವರ್ಷದ ಖಾಲಿ ಜಾಗವನ್ನು ವಿವರಿಸುವುದಿಲ್ಲ.

ಮನಃಶಾಸ್ತ್ರ ಏನನ್ನುತ್ತದೆ? ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ಅರವತ್ತರ ದಶಕದ ಕೊನೆಯಿಂದ ದಶಕಗಟ್ಟಲೆ ನಡೆಸಿದ ಅಧ್ಯಯನಗಳ ತಿರುಳು ಸರಳ: 'ನಿನ್ನ ಕೈಲಾದಷ್ಟು ಮಾಡು' ಎಂದು ಹೇಳಿಸಿಕೊಂಡವರಿಗಿಂತ, ಕಷ್ಟದ, ನಿಖರವಾದ ಗುರಿ ಪಡೆದವರು ಹೆಚ್ಚು ಮಾಡುತ್ತಾರೆ. ಒಕ್ಲಹೋಮಾದ ಮರದ ದಿಮ್ಮಿ ಸಾಗಿಸುವ ಲಾರಿಗಳ ಮೇಲಿನ ಪ್ರಯೋಗ ಪ್ರಸಿದ್ಧ. ಕಾನೂನು ಒಪ್ಪುವ ತೂಕದ ಶೇಕಡಾ 60ರಷ್ಟನ್ನಷ್ಟೇ ತುಂಬುತ್ತಿದ್ದ ಚಾಲಕರಿಗೆ ಶೇಕಡಾ 94ರ ಗುರಿ ಕೊಟ್ಟಾಗ, ಹೆಚ್ಚಿನ ಹಣವಿಲ್ಲದೆಯೇ, ಅದು 90ರ ಹತ್ತಿರಕ್ಕೆ ಏರಿತು. ಆದರೆ ದಿಮ್ಮಿ ತುಂಬುವುದು ಬೇರೆ, ಓಡುವುದು ಬೇರೆ ಎಂಬ ಆಕ್ಷೇಪ ಕ್ರೀಡಾ ಮನಃಶಾಸ್ತ್ರದೊಳಗಿಂದಲೇ ಬಂದಿದೆ. ಕೈಲೋ ಮತ್ತು ಲ್ಯಾಂಡರ್ಸ್ 1995ರಲ್ಲಿ ಕ್ರೀಡೆಗೆ ಸಂಬಂಧಿಸಿದ ಗುರಿಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಅತಿ ಕಷ್ಟದ ಗುರಿಗಿಂತ ಮಧ್ಯಮ ಕಷ್ಟದ ಗುರಿಯೇ ಹೆಚ್ಚು ಫಲ ಕೊಟ್ಟಂತೆ ಕಂಡಿತು. ಇದನ್ನು ಬದಿಗೆ ಸರಿಸಿ ಮುಂದೆ ಹೋಗುವುದು ಅಪ್ರಾಮಾಣಿಕತೆ. ಮಹತ್ವಾಕಾಂಕ್ಷೆಯ ಪರ ಮಾತಾಡುವ ಯಾರೇ ಆದರೂ ಇಲ್ಲಿ ನಿಂತು ಉತ್ತರ ಕೊಡಬೇಕು.

ಕೈಲೋ ಮತ್ತು ಲ್ಯಾಂಡರ್ಸ್ ಅವರ ಅದೇ ಸಮೀಕ್ಷೆಯಲ್ಲಿ ಇನ್ನೊಂದು ಸಂಗತಿಯೂ ಇತ್ತು: ಹತ್ತಿರದ ಗುರಿ ಮತ್ತು ದೂರದ ಗುರಿ ಎರಡೂ ಜತೆಗಿದ್ದಾಗ ಫಲ ಹೆಚ್ಚು. ಇಂಥ ಪ್ರಯೋಗಗಳು ಸಾಮಾನ್ಯವಾಗಿ ನಡೆಯುವುದು ಕೆಲವು ದಿನ, ಕೆಲವು ವಾರಗಳ ಅವಧಿಯಲ್ಲಿ. ಅಷ್ಟು ಕಡಿಮೆ ಸಮಯಕ್ಕೆ ಅತಿ ಕಷ್ಟದ ಗುರಿ ಕೊಟ್ಟರೆ ಅದು ಹತ್ತಿರದ ಗುರಿಯೇ ಆಗುತ್ತದೆ, ಮುಟ್ಟಲಾಗದ ಹತ್ತಿರದ ಗುರಿ. ಅಂಥದ್ದು ಯಾರನ್ನಾದರೂ ಕುಗ್ಗಿಸುತ್ತದೆ. ಆಲ್ಬರ್ಟ್ ಬಂಡೂರಾ ಮತ್ತು ಡೇಲ್ ಶುಂಕ್ 1981ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಚೆನ್ನಾಗಿ ಬಿಡಿಸಿಡುತ್ತದೆ. ಕಳೆಯುವ ಲೆಕ್ಕದಲ್ಲಿ ಹಿಂದುಳಿದ ಮಕ್ಕಳಿಗೆ ಏಳು ಅವಧಿಗಳಲ್ಲಿ ಮಾಡಲು 42 ಪುಟಗಳ ಲೆಕ್ಕ ಕೊಟ್ಟರು. ಕೆಲವರಿಗೆ 42 ಪುಟ ಮುಗಿಸಬೇಕು ಎಂದಷ್ಟೇ ಹೇಳಿದರು. ಕೆಲವರಿಗೆ ದಿನಕ್ಕೆ ಆರು ಪುಟ ಎಂದು ಹೇಳಿದರು. ಕೆಲಸ ಒಂದೇ. ಆರು ಪುಟದ ಮಕ್ಕಳು ಕಲಿತದ್ದೂ ಹೆಚ್ಚು, ತಮ್ಮ ಮೇಲೆ ತಮಗೆ ಹುಟ್ಟಿದ ನಂಬಿಕೆಯೂ ಹೆಚ್ಚು, ಲೆಕ್ಕದ ಬಗ್ಗೆ ಆಸಕ್ತಿಯೂ ಹೆಚ್ಚು. ಓಟಕ್ಕೆ ಇದನ್ನು ಹೊಂದಿಸಿದರೆ, ಒಂಬತ್ತನೇ ತರಗತಿಯಲ್ಲಿ 5 ನಿಮಿಷ 20 ಸೆಕೆಂಡಿಗೆ ಮೈಲಿ ಓಡುವ ಹುಡುಗನ ಮುಂದೆ ನಾಲ್ಕು ವರ್ಷದ ನಂತರದ 4 ನಿಮಿಷ 20 ಸೆಕೆಂಡನ್ನು ಇಡುವುದು ತಪ್ಪಲ್ಲ. ಅದನ್ನು ಈ ಏಪ್ರಿಲ್‌ಗೇ ಕೇಳುವುದು ತಪ್ಪು. ಈ ಏಪ್ರಿಲ್‌ನಲ್ಲಿ ಕೇಳಬೇಕಾದ್ದು ಬೇರೆ: ಬೇಸಿಗೆಯಲ್ಲಿ ವಾರಕ್ಕೆ ಐದು ದಿನ ತಪ್ಪದೆ ನಿಧಾನವಾಗಿ ಓಡಿದೆಯಾ, ಮೊದಲ ಸುತ್ತನ್ನು ಹುಚ್ಚುವೇಗದಲ್ಲಿ ಓಡದೆ ಹಿಡಿತದಲ್ಲಿ ಇಟ್ಟುಕೊಂಡೆಯಾ, ಮೂರನೇ ಸುತ್ತಿನಲ್ಲಿ ಗುಂಪಿನಿಂದ ಕಳಚಿಕೊಳ್ಳದೆ ನಿಂತೆಯಾ, ರಾತ್ರಿ ಒಂಬತ್ತು ಗಂಟೆ ನಿದ್ದೆ ಮಾಡುತ್ತಿದ್ದೀಯಾ. ಕಷ್ಟದ ಹೊಸ ಕೆಲಸ ಕಲಿಯುವವರಿಗೆ ಫಲಿತಾಂಶದ ಗುರಿಗಿಂತ ಕಲಿಕೆಯ ಗುರಿ ಒಳ್ಳೆಯದು ಎಂದು ಲಾಕ್ ಮತ್ತು ಲೇಥಮ್ ಕೂಡ ಮುಂದೆ ಒಪ್ಪಿಕೊಂಡರು.

ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು. ರಯನ್, ವೆಬ್ ಎಂದು ಗೆದ್ದವರ ಹೆಸರು ಹೇಳುವುದು ಸುಲಭ. ಅಂಥದ್ದೇ ಮಾತು ಕೇಳಿ, ಅಷ್ಟೇ ಓಡಿ, ಎಲ್ಲಿಗೂ ತಲುಪದವರ ಪಟ್ಟಿ ಯಾರ ಬಳಿಯೂ ಇಲ್ಲ. ಮೈಲಿಗೆ ಏಳು ನಿಮಿಷ ಬೇಕಾಗುವ ಹುಡುಗನಿಗೆ ಮಹತ್ವಾಕಾಂಕ್ಷೆಯ ಗುರಿ ಎಂದರೆ ಏನು? ಇದಕ್ಕೆ ನಾನು ನೋಡುವುದು ಷಿಕಾಗೋ ಪಕ್ಕದ ಎಲ್ಮ್‌ಹರ್ಸ್ಟ್ ಊರಿನ ಯಾರ್ಕ್ ಹೈಸ್ಕೂಲಿನ ಕಡೆಗೆ. ಅಲ್ಲಿ ಜೋ ನ್ಯೂಟನ್ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹುಡುಗರ ಕ್ರಾಸ್‌ಕಂಟ್ರಿ ತಂಡದ ಕೋಚ್ ಆಗಿದ್ದರು. 28 ಸಲ ಇಲಿನಾಯ್ ರಾಜ್ಯ ಪ್ರಶಸ್ತಿ ಗೆದ್ದರು. ಅವರ ತಂಡದಲ್ಲಿ ಒಂದೊಂದು ವರ್ಷ 200ರಷ್ಟು ಹುಡುಗರು ಇರುತ್ತಿದ್ದರು. ಯಾರನ್ನೂ ತೆಗೆದುಹಾಕುತ್ತಿರಲಿಲ್ಲ. ಅಭ್ಯಾಸ ಮುಗಿದ ಮೇಲೆ ಪ್ರತಿಯೊಬ್ಬನ ಹೆಸರು ಹಿಡಿದು ಕೈಕುಲುಕಿ ಕಳಿಸುತ್ತಿದ್ದರು. ಗೆಲುವಿಗೂ ಈ ದೊಡ್ಡ ಗುಂಪಿಗೂ ಸಂಬಂಧವಿಲ್ಲ ಎಂದು ನನಗೆ ಅನ್ನಿಸುವುದಿಲ್ಲ. ಕ್ರಾಸ್‌ಕಂಟ್ರಿಯ ಲೆಕ್ಕವೇ ಇದಕ್ಕೆ ಅನುಕೂಲವಾಗಿದೆ: ತಂಡದಿಂದ ಏಳು ಜನ ಓಡುತ್ತಾರೆ, ಮೊದಲ ಐವರ ಸ್ಥಾನಗಳನ್ನು ಕೂಡುತ್ತಾರೆ, ಮೊತ್ತ ಕಡಿಮೆ ಇದ್ದ ತಂಡ ಗೆಲ್ಲುತ್ತದೆ. ಹಾಗಾಗಿ ಮೊದಲಿಗನು ಮೂರನೇ ಸ್ಥಾನದಿಂದ ಎರಡಕ್ಕೆ ಬಂದರೆ ತಂಡಕ್ಕೆ ಸಿಗುವುದು ಒಂದು ಅಂಕ; ಐದನೆಯವನು ಅರುವತ್ತನೇ ಸ್ಥಾನದಿಂದ ಮೂವತ್ತೈದಕ್ಕೆ ಬಂದರೆ ಇಪ್ಪತ್ತೈದು. ತಂಡದ ದೊಡ್ಡ ಗುರಿ ನಿಂತಿರುವುದು ಯಾರೂ ಹೆಸರು ಕೇಳಿರದ ಆ ಐದನೆಯವನ ಮೇಲೆ, ಅವನನ್ನು ಅಭ್ಯಾಸದಲ್ಲಿ ಬೆನ್ನಟ್ಟುವ ಒಂಬತ್ತನೆಯವನ ಮೇಲೆ. ಏಳು ನಿಮಿಷದ ಹುಡುಗನಿಗೆ ಒಲಿಂಪಿಕ್ಸ್ ತೋರಿಸುವುದು ಕ್ರೌರ್ಯ. ನಾಲ್ಕನೇ ವರ್ಷದಲ್ಲಿ ಈ ಶಾಲೆಯ ಮೊದಲ ಏಳರಲ್ಲಿ ಒಬ್ಬನಾಗಬಹುದು ಎಂದು ಲೆಕ್ಕ ಹಾಕಿ ತೋರಿಸುವುದು ಕ್ರೌರ್ಯವಲ್ಲ. ಅವನನ್ನು ಗಂಭೀರವಾಗಿ ತೆಗೆದುಕೊಂಡದ್ದಕ್ಕೆ ಗುರುತು.

ಎಲ್ಲಕ್ಕಿಂತ ಕಠಿಣವಾದ ಆಕ್ಷೇಪ ದೇಹದ್ದು. ನ್ಯೂಯಾರ್ಕ್ ರಾಜ್ಯದ ಮೇರಿ ಕೇನ್ 2013ರಲ್ಲಿ, 17ನೇ ವಯಸ್ಸಿನಲ್ಲಿ, ಮಾಸ್ಕೋ ವಿಶ್ವ ಚಾಂಪಿಯನ್‌ಷಿಪ್‌ನ 1500 ಮೀಟರ್ ಫೈನಲ್ ಓಡಿದಳು. ಹೈಸ್ಕೂಲ್ ದಾಖಲೆಗಳು ಒಂದರ ಮೇಲೊಂದು ಮುರಿದವು. ನಂತರ ದೇಶದ ಅತಿ ಪ್ರಬಲ ತರಬೇತಿ ತಂಡವನ್ನು ಸೇರಿದಳು. ಅಲ್ಲಿ ತೆಳ್ಳಗಾಗುವಂತೆ ಒತ್ತಾಯಿಸಿದರು, ತೂಕ ನೋಡಿ ಎಲ್ಲರೆದುರು ಅವಮಾನಿಸಿದರು, ಮೂರು ವರ್ಷ ಮುಟ್ಟು ನಿಂತಿತು, ಐದು ಮೂಳೆ ಮುರಿದವು ಎಂದು 2019ರಲ್ಲಿ ಆಕೆ ಬಹಿರಂಗವಾಗಿ ಹೇಳಿದರು; ಕೋಚ್ ಈ ಆರೋಪಗಳನ್ನು ನಿರಾಕರಿಸಿದರು. ಆಕೆ ವಿವರಿಸಿದ ಲಕ್ಷಣಗಳು ವೈದ್ಯರಿಗೆ ಹೊಸವಲ್ಲ. ಓಡಲು ಖರ್ಚಾಗುವಷ್ಟು ಶಕ್ತಿ ಊಟದಿಂದ ಬರದಿದ್ದರೆ ದೇಹ ತುರ್ತಲ್ಲದ ಕೆಲಸಗಳನ್ನು ನಿಲ್ಲಿಸುತ್ತದೆ: ಮುಟ್ಟು ನಿಲ್ಲುತ್ತದೆ, ಮೂಳೆ ಕಟ್ಟುವುದು ನಿಧಾನವಾಗುತ್ತದೆ, ಕಾಲಿನ ಎಲುಬುಗಳಲ್ಲಿ ಕೂದಲೆಳೆಯಂಥ ಬಿರುಕು ಬೀಳುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದರ ಬಗ್ಗೆ ವೈದ್ಯಕೀಯ ಒಮ್ಮತದ ಹೇಳಿಕೆ ಪ್ರಕಟಿಸಿತು. ಹುಡುಗರಲ್ಲೂ ಇದು ಉಂಟು. ಜೀವಮಾನದ ಮೂಳೆಯ ಗಟ್ಟಿತನ ಬಹುಪಾಲು ಕೂಡುವುದು ಹದಿಹರೆಯ ಮುಗಿಯುವಷ್ಟರಲ್ಲೇ ಆದ್ದರಿಂದ, ಆಗ ಕಳೆದುಕೊಂಡದ್ದನ್ನು ಮುಂದೆ ಪೂರ್ತಿ ತುಂಬಿಕೊಳ್ಳುವುದು ಕಷ್ಟ. ಮನಸ್ಸಿನ ದಣಿವೂ ಸಣ್ಣದಲ್ಲ: ಹತ್ತೊಂಬತ್ತಕ್ಕೆ ವಿಶ್ವದಾಖಲೆ ಬರೆದ ರಯನ್ 1969ರಲ್ಲಿ ರಾಷ್ಟ್ರೀಯ ಕೂಟದ ಮೈಲಿಯ ನಡುವೆಯೇ ಟ್ರ್ಯಾಕ್ ಬಿಟ್ಟು ಹೊರನಡೆದರು.

ಇದರಿಂದ ಸಣ್ಣ ಗುರಿಯೇ ಕ್ಷೇಮ ಎಂಬ ತೀರ್ಮಾನಕ್ಕೆ ಬರುವವರನ್ನು ನಾನು ಒಪ್ಪುವುದಿಲ್ಲ. ಮೇರಿ ಕೇನ್ ಹೇಳಿದ್ದನ್ನು ಗಮನವಿಟ್ಟು ಕೇಳಿದರೆ, ಅಲ್ಲಿ ಗುರಿ ದೊಡ್ಡದಾಗಿದ್ದುದು ದೋಷವಾಗಿ ಕಾಣುವುದಿಲ್ಲ. ಓಟದ ಗುರಿಯ ಜಾಗದಲ್ಲಿ ತೂಕದ ಅಂಕಿ ಬಂದು ಕೂತದ್ದು ದೋಷ. ಹತ್ತು ವರ್ಷಕ್ಕೆ ಹಂಚಬೇಕಾದ್ದನ್ನು ಎರಡು ವರ್ಷದಲ್ಲಿ ಕೇಳಿದ್ದು ದೋಷ. ಅಡಿಕೆ ಸಸಿ ನೆಟ್ಟವರು ಎರಡನೇ ವರ್ಷಕ್ಕೆ ಗೊನೆ ಹುಡುಕುವುದಿಲ್ಲ. ಗ್ರಾಂಟ್ ಫಿಷರ್ ಅವರನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಮಿಷಿಗನ್ನಿನ ಗ್ರ್ಯಾಂಡ್ ಬ್ಲಾಂಕ್ ಶಾಲೆಯ ಈ ಹುಡುಗ ಎರಡು ಸಲ ರಾಷ್ಟ್ರೀಯ ಕ್ರಾಸ್‌ಕಂಟ್ರಿ ಗೆದ್ದ, 2015ರಲ್ಲಿ ನಾಲ್ಕು ನಿಮಿಷದೊಳಗೆ ಮೈಲಿ ಓಡಿದ. ಹಾಗಿದ್ದೂ ಅವನ ವಾರದ ಓಟವನ್ನು ಕೋಚ್ ಮೈಕ್ ಸ್ಕ್ಯಾನೆಲ್ ಮಿತಿಯಲ್ಲೇ ಇಟ್ಟಿದ್ದರು. ಅವನು ಫುಟ್‌ಬಾಲನ್ನೂ ಆಡುತ್ತಿದ್ದ. ಅವರ ಕಣ್ಣು ಹೈಸ್ಕೂಲಿನ ಆಚೆಗೆ ಇತ್ತು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಫಿಷರ್ ಐದು ಸಾವಿರ ಮತ್ತು ಹತ್ತು ಸಾವಿರ ಮೀಟರ್ ಎರಡರಲ್ಲೂ ಕಂಚು ಗೆದ್ದರು, ಆ ಹೊತ್ತಿಗೆ ಮತ್ತೆ ಅದೇ ಸ್ಕ್ಯಾನೆಲ್ ಅವರ ಬಳಿಗೇ ಮರಳಿದ್ದರು. ತನ್ನ ಶಾಲೆಯ ದಾಖಲೆ ಪಟ್ಟಿಗಾಗಿ ಹುಡುಗನನ್ನು ಹಿಂಡಿದ್ದರೆ ಸಿಗಬಹುದಾಗಿದ್ದ ಇನ್ನೊಂದೆರಡು ಸೆಕೆಂಡನ್ನು ಆ ಕೋಚ್ ಬೇಡವೆಂದರು. ದೊಡ್ಡ ಗುರಿ ಇಟ್ಟುಕೊಂಡವರಿಗಷ್ಟೇ ಬರುವ ಸಂಯಮ ಇದು. ಈ ವರ್ಷದ ಪದಕವೊಂದೇ ಗುರಿಯಾದವರಿಗೆ ತಡೆದು ನಿಲ್ಲಲು ಕಾರಣವೇ ಇರುವುದಿಲ್ಲ.

ಹುಡುಗಿಯರ ವಿಷಯವನ್ನು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಸಣ್ಣ ಗುರಿಯ ಹಾನಿ ಅತಿ ಸ್ಪಷ್ಟವಾಗಿ ಕಾಣುವುದು ಅವರ ಚರಿತ್ರೆಯಲ್ಲಿ. 1928ರ ಒಲಿಂಪಿಕ್ಸಿನಲ್ಲಿ ಮಹಿಳೆಯರ 800 ಮೀಟರ್ ಓಟ ನಡೆದ ಮೇಲೆ, ಇದು ಅವರಿಂದಾಗದ ಕೆಲಸವೆಂದು ತೀರ್ಮಾನಿಸಿ ಅದನ್ನು 1960ರ ತನಕ ತೆಗೆದುಹಾಕಿದರು. 1500 ಮೀಟರ್ ಬಂದದ್ದು 1972ರಲ್ಲಿ, ಮ್ಯಾರಥಾನ್ 1984ರಲ್ಲಿ, ಐದು ಸಾವಿರ ಮೀಟರ್ 1996ರಲ್ಲಿ. ಅಮೆರಿಕದ ಶಾಲೆಗಳಲ್ಲಿ ಹುಡುಗಿಯರಿಗೆ ಸಮಾನ ಅವಕಾಶದ ಕಾನೂನು ಬಂದದ್ದು 1972ರಲ್ಲಿ; ಆದರೂ ಮಿನೆಸೋಟಾ, ವಿಸ್ಕಾನ್ಸಿನ್‌ನಂಥ ರಾಜ್ಯಗಳಲ್ಲಿ ಹುಡುಗರು ಐದು ಕಿಲೋಮೀಟರ್ ಓಡುವಾಗ ಹುಡುಗಿಯರಿಗೆ ನಾಲ್ಕೇ ಕಿಲೋಮೀಟರ್ ಎಂಬ ನಿಯಮ ಈಚಿನವರೆಗೂ ಇತ್ತು. ಎಲ್ಲವೂ ಅವರ ಕ್ಷೇಮದ ಹೆಸರಿನಲ್ಲಿ. 2025ರಲ್ಲಿ ಯೂಟಾದ ಪ್ರೋವೊ ಊರಿನ ಜೇನ್ ಹೆಡೆನ್‌ಗ್ರೆನ್ ಐದು ಸಾವಿರ ಮೀಟರನ್ನು 15 ನಿಮಿಷದೊಳಗೆ ಮುಗಿಸಿದ ಮೊದಲ ಅಮೆರಿಕನ್ ಹೈಸ್ಕೂಲ್ ಹುಡುಗಿಯಾದಳು. ಅವಳಜ್ಜಿಯ ಪೀಳಿಗೆಗೆ ಆ ದೂರವನ್ನು ಓಡಲು ರೇಸೇ ಇರಲಿಲ್ಲ. ಇಷ್ಟಾದರೂ ಹುಡುಗರ ಯೋಜನೆಯನ್ನು ಹುಡುಗಿಯರಿಗೆ ಹಾಗೇ ಹೊದಿಸಬಾರದು. ಹುಡುಗರಿಗೆ ಪ್ರಾಯ ಬಂದಂತೆ ಸ್ನಾಯು, ರಕ್ತದ ಹಿಮೋಗ್ಲೋಬಿನ್ ಏರಿ ಪ್ರತಿ ವರ್ಷ ವೇಗ ತಾನಾಗಿ ಹೆಚ್ಚುತ್ತದೆ. ಅನೇಕ ಹುಡುಗಿಯರಿಗೆ ಹದಿನೈದು ಹದಿನಾರರಲ್ಲಿ ದೇಹ ಬದಲಾಗುವಾಗ ಒಂದೆರಡು ವರ್ಷ ಸಮಯಗಳು ಅಲ್ಲೇ ನಿಲ್ಲುತ್ತವೆ ಅಥವಾ ಹಿಂದೆ ಹೋಗುತ್ತವೆ. ಗುರಿಯ ಚೀಟಿಯಲ್ಲಿ ವರ್ಷಕ್ಕಿಷ್ಟು ಸೆಕೆಂಡು ಎಂಬ ನೇರ ಗೆರೆ ಬರೆದಿಟ್ಟರೆ, ಆರೋಗ್ಯವಂತ ಹುಡುಗಿಯೊಬ್ಬಳು ಅದನ್ನು ತನ್ನ ಸೋಲೆಂದು ಓದುತ್ತಾಳೆ; ಊಟ ಬಿಡುವುದು ಅಲ್ಲಿಂದಲೇ ಶುರುವಾಗುತ್ತದೆ. ಹದಿಮೂರರಲ್ಲಿ ಗೆಲ್ಲುತ್ತಿದ್ದವಳಿಗೆ ಮೊದಲ ದಿನವೇ ಕೋಚ್ ಹೇಳಬೇಕಾದ ಮಾತು: ನಡುವೆ ಎರಡು ವರ್ಷ ಗಡಿಯಾರ ನಿನ್ನ ಪರ ಇರದಿರಬಹುದು, ನಮ್ಮ ಯೋಜನೆಯಲ್ಲಿ ಅದಕ್ಕೂ ಜಾಗವಿದೆ, ಆಗಲೂ ಈ ತಂಡದಲ್ಲಿ ನಿನಗೆ ಜಾಗವಿದೆ. ಇದನ್ನು ಹೇಳಲು ಧೈರ್ಯವಿಲ್ಲದವರು ಹುಡುಗಿಯರ ಮುಂದೆ ದೊಡ್ಡ ಗುರಿ ಇಡಲು ಹೋಗಬಾರದು.

ಗುರಿಯನ್ನು ಯಾರು ಇಡಬೇಕು ಎಂಬುದೂ ಇದರಲ್ಲೇ ಸೇರಿದೆ. ಮಗುವೇ ಇಟ್ಟುಕೊಳ್ಳಲಿ ಎನ್ನುವುದು ಕೇಳಲು ಚೆನ್ನ, ಆದರೆ ತನ್ನ ದೇಹ ನಾಲ್ಕು ವರ್ಷದಲ್ಲಿ ಏನಾಗಬಲ್ಲದೆಂದು ತಿಳಿಯಲು ಹದಿನಾಲ್ಕರ ಮಗುವಿಗೆ ಯಾವ ಆಧಾರವೂ ಇರುವುದಿಲ್ಲ. ನೂರಾರು ಮಕ್ಕಳು ಬೆಳೆದದ್ದನ್ನು ಕಂಡಿರುವ ಕೋಚ್‌ಗೆ ಇರುತ್ತದೆ. ದಿಗಂತ ತೋರಿಸುವುದು ಕೋಚ್ ಕೆಲಸ. ಅದನ್ನು ತನ್ನದೆಂದು ಒಪ್ಪಿಕೊಳ್ಳುವುದು, ಬೇಡವೆನ್ನುವುದು ಮಗುವಿನ ಹಕ್ಕು. ಲಾಕ್ ಮತ್ತು ಲೇಥಮ್ ಮತ್ತೆ ಮತ್ತೆ ಹಾಕಿದ ಷರತ್ತೂ ಇದೇ: ಒಪ್ಪಿಕೊಳ್ಳದ ಗುರಿ ಕೆಲಸ ಮಾಡುವುದಿಲ್ಲ, ಅಷ್ಟು ಸಾಮರ್ಥ್ಯವಿಲ್ಲದ ಕಡೆಯೂ ಮಾಡುವುದಿಲ್ಲ. ಗುರಿ ತಪ್ಪಿದಾಗ ಯೋಜನೆಯನ್ನು ಮೊದಲು ಪ್ರಶ್ನಿಸಬೇಕು, ಮಗುವನ್ನಲ್ಲ. 4 ನಿಮಿಷ 20 ಸೆಕೆಂಡಿನತ್ತ ನಾಲ್ಕು ವರ್ಷ ಓಡಿ 4 ನಿಮಿಷ 34ಕ್ಕೆ ಬಂದವನು, ಸಣ್ಣ ಗುರಿ ಮುಟ್ಟಿ 5 ನಿಮಿಷಕ್ಕೆ ನಿಂತವನಿಗಿಂತ ಬಹಳ ಮುಂದೆ ಹೋಗಿರುತ್ತಾನೆ. ಅವನಿಗೆ ಅದು ಸೋಲೆನ್ನಿಸದಂತೆ ನೋಡಿಕೊಳ್ಳುವ ಹೊಣೆ ಗುರಿಯನ್ನು ಕೊಟ್ಟವರದು.

ನ್ಯೂಜೆರ್ಸಿ, ಟೆಕ್ಸಸ್, ಕ್ಯಾಲಿಫೋರ್ನಿಯಾಗಳಲ್ಲಿ ನೆಲೆಸಿದ ಎಷ್ಟೋ ಕನ್ನಡ ಕುಟುಂಬಗಳಿಗೆ ಇದು ಮನೆಯೊಳಗಿನ ವಿಷಯ. ಬಾಸ್ಕೆಟ್‌ಬಾಲ್ ತಂಡದಲ್ಲಿ ಆಯ್ಕೆ ಆಗದ ಮಕ್ಕಳನ್ನೂ ಕ್ರಾಸ್‌ಕಂಟ್ರಿ ಬಹುತೇಕ ಶಾಲೆಗಳಲ್ಲಿ ಒಳಗೆ ಕರೆದುಕೊಳ್ಳುತ್ತದೆ, ಹಾಗಾಗಿ ನಮ್ಮ ಮಕ್ಕಳು ಅಲ್ಲಿ ಸಾಕಷ್ಟು ಕಾಣಿಸುತ್ತಾರೆ. ಎಸ್ಸೆಸ್ಸೆಲ್ಸಿ ಬಂತೆಂದರೆ ಆಟ ನಿಲ್ಲಿಸಿ ಬೆಳೆದ ತಂದೆತಾಯಿಯರಿಗೆ, ಅದೇ ವಯಸ್ಸಿನಲ್ಲಿ ಮಗಳು ದಿನಾ ಎರಡು ಗಂಟೆ ಓಡುವುದಕ್ಕೆ ಏನಾದರೊಂದು ಸಮರ್ಥನೆ ಬೇಕಾಗುತ್ತದೆ. ಆಗ ಕಾಲೇಜಿನ ವಿದ್ಯಾರ್ಥಿವೇತನವೇ ಗುರಿಯಾಗಿಬಿಡುತ್ತದೆ. ಈ ಗುರಿ ದೊಡ್ಡದಾಗಿ ಕಂಡರೂ ಲೆಕ್ಕ ಬೇರೆ ಹೇಳುತ್ತದೆ. ಅಲ್ಲಿನ ಕಾಲೇಜು ಕ್ರೀಡೆಯ ಮೇಲ್ದರ್ಜೆಯಲ್ಲಿ ಈಚಿನವರೆಗೂ ಪುರುಷರ ಕ್ರಾಸ್‌ಕಂಟ್ರಿ ಮತ್ತು ಟ್ರ್ಯಾಕ್‌ಗೆ, ಎಸೆತ ಜಿಗಿತಗಳೂ ಸೇರಿ, ಇಡೀ ತಂಡಕ್ಕೆ ಇದ್ದ ಮಿತಿ 12.6 ವಿದ್ಯಾರ್ಥಿವೇತನ, ಅದನ್ನೇ ಹತ್ತಾರು ಮಂದಿಗೆ ಚೂರುಚೂರಾಗಿ ಹಂಚುತ್ತಿದ್ದರು. ಲಕ್ಷಗಟ್ಟಲೆ ಹೈಸ್ಕೂಲ್ ಓಟಗಾರರಲ್ಲಿ ಅದು ದಕ್ಕುವುದು ಬೆರಳೆಣಿಕೆಯವರಿಗೆ, ಅದೂ ಬೇರೊಬ್ಬರ ಬಜೆಟ್ಟಿನ ಕೃಪೆಯಿಂದ. ಓಟದಲ್ಲೇ ಇರುವ ಗುರಿಗೆ ಈ ಅವಲಂಬನೆ ಇಲ್ಲ. ಮಗಳ ಕೋಚ್ ಬಳಿ ಕೇಳಬೇಕಾದ ಪ್ರಶ್ನೆಗಳೂ ಬೇರೆ: ಹನ್ನೆರಡನೇ ತರಗತಿಯ ಹೊತ್ತಿಗೆ ಇವಳು ಎಲ್ಲಿರಬಹುದೆಂದು ನಿಮಗನ್ನಿಸುತ್ತದೆ, ಅದಕ್ಕಾಗಿ ಈ ವರ್ಷ ಏನನ್ನು ಮಾಡಿಸುತ್ತೀರಿ, ಏನನ್ನು ಮಾಡಿಸುವುದಿಲ್ಲ, ಕಾಲು ನೋವೆಂದು ಹೇಳಿದ ದಿನ ಏನು ಮಾಡುತ್ತೀರಿ, ತಂಡದಲ್ಲಿ ಯಾರಾದರೂ ಮಕ್ಕಳ ತೂಕ ನೋಡುತ್ತಾರೆಯೇ. ಮೊದಲ ಪ್ರಶ್ನೆಗೆ ಉತ್ತರವಿಲ್ಲದ ಕೋಚ್ ಅವಳನ್ನು ಇನ್ನೂ ಸರಿಯಾಗಿ ನೋಡಿಲ್ಲ. ಕೊನೆಯದಕ್ಕೆ ಹೌದು ಎಂಬ ಉತ್ತರ ಬಂದರೆ ಅವಳನ್ನು ಆ ತಂಡದಿಂದ ಬಿಡಿಸಬೇಕು, ಸಮಯಗಳು ಎಷ್ಟೇ ಚೆನ್ನಾಗಿ ಇಳಿಯುತ್ತಿದ್ದರೂ.